ಸುತ್ತೋಲೆಯ ನೀರು, ಬಾಣಂತಿಯ ಹಂಡೆ

ಸರಕಾರ ನನ್ನ ಮೇಲೆ ನಂಬಿಕೆಯಿಟ್ಟು ಒಂದು ಬೀಗದ ಕೈ ವಹಿಸಿಕೊಟ್ಟದ್ದು ಇಡೀ ನೌಕರಿಯಲ್ಲಿ ಒಂದೇ ಸಲ. ಅದು ಖಜಾನೆಯದ್ದಲ್ಲ, ದಫ್ತರಖಾನೆಯದ್ದೂ ಅಲ್ಲ. ಜೊಯಿಡಾದ ನಮ್ಮ ಸರಕಾರಿ ಕ್ವಾರ್ಟರ್ಸಿನ ಹಿಂದೆ, ಹಳ್ಳದ ದಂಡೆಯ ಬಾವಿಗೆ ಹೊಂದಿಕೊಂಡಿದ್ದ ಪಂಪ್‌ಹೌಸಿನದು. ಪಂಪ್‌ಹೌಸ್ ಎಂದರೆ ನಾಲ್ಕು ಗೋಡೆ, ಮೇಲೊಂದು ತಗಡು, ಒಳಗೊಂದು ಮೋಟಾರು, ಮತ್ತು ಸೇವಾ ಹಿರಿತನದಲ್ಲಿ ಮೋಟಾರಿಗಿಂತ ಮುಂದಿದ್ದ ಒಂದು ಕಪ್ಪೆ.

ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ಹಿಂದಿನ ಮಳೆಗಾಲ ಕೈಕೊಟ್ಟು ಜಲಾಶಯಗಳು ತಳ ಕಾಣುತ್ತಿದ್ದವು. ಕರೆಂಟು ಬಂದರೆ ಸುದ್ದಿ, ಹೋದರೆ ಸುದ್ದಿಯಲ್ಲ ಎನ್ನುವ ಕಾಲ. ಆಗ ಮೇಲಿನಿಂದ ಒಂದು ಸುತ್ತೋಲೆ ಬಂತು. ಅದರ ತರ್ಕ ಹೀಗಿತ್ತು: ಕರೆಂಟು ಹುಟ್ಟುವುದು ನೀರಿನಿಂದ, ನೀರು ಟಾಕಿಗೆ ಏರುವುದು ಕರೆಂಟಿನಿಂದ, ಆದ್ದರಿಂದ ಒಂದು ಬಕೆಟ್ ನೀರನ್ನು ಸುಮ್ಮನೆ ಚೆಲ್ಲಿದವನು ಬಾವಿಯ ನೀರನ್ನು ಮಾತ್ರ ಚೆಲ್ಲುವುದಿಲ್ಲ, ಅದನ್ನು ಮೇಲೆತ್ತಲು ಜಲಾಶಯ ಬಿಟ್ಟುಕೊಟ್ಟ ನೀರನ್ನೂ ಚೆಲ್ಲುತ್ತಾನೆ. ಒಂದೇ ಕೈಯಲ್ಲಿ ಎರಡು ಪಾಪ. ನೀರು ಉಳಿಸುವುದೂ ಕರೆಂಟು ಉಳಿಸುವುದೂ ಬೇರೆ ಬೇರೆ ಕೆಲಸಗಳಲ್ಲ ಎಂದು ಸರಕಾರಿ ಕನ್ನಡದಲ್ಲಿ ಅಷ್ಟು ಚೊಕ್ಕವಾಗಿ ಬರೆದದ್ದನ್ನು ನಾನು ಅದಕ್ಕೆ ಮೊದಲು ಓದಿರಲಿಲ್ಲ, ಆಮೇಲೂ ಓದಲಿಲ್ಲ. ಆ ತರ್ಕವನ್ನು ನಾನು ಇಂದಿಗೂ ನಂಬುತ್ತೇನೆ. ಮುಂದೆ ಹೇಳುವುದೆಲ್ಲ ಆ ನಂಬಿಕೆಯ ಮೇಲಿನ ಟಿಪ್ಪಣಿ ಮಾತ್ರ.

ನಮ್ಮ ಸಾಹೇಬರು ಈ ಬಗ್ಗೆ ಸಭೆ ಕರೆದ ದಿನ ನಾನು ರಜೆಯ ಮೇಲಿದ್ದೆ. ಹೆಂಡತಿಗೆ ಏಳು ತಿಂಗಳು ತುಂಬಿತ್ತು. ಡಾಕ್ಟರರಿಗೆ ತೋರಿಸಲು ದಾಂಡೇಲಿಗೆ ಕರೆದುಕೊಂಡು ಹೋಗಿದ್ದೆ. ಸಭೆಗೆ ಬಾರದವನಿಗೆ ಜವಾಬ್ದಾರಿ ಹಂಚುವುದು ಕಚೇರಿಗಳ ಸನಾತನ ನ್ಯಾಯ. ಮರುದಿನ ಹೋದಾಗ ನನ್ನ ಮೇಜಿನ ಮೇಲೆ ಬೀಗದ ಕೈ ಕುಳಿತಿತ್ತು. ಕ್ವಾರ್ಟರ್ಸಿನ ಮಟ್ಟಿಗೆ ನಾನೇ ಜವಾಬ್ದಾರಿ ನೌಕರ. ಬೆಳಿಗ್ಗೆ ಒಂದು ಸಲ ಮಾತ್ರ ಪಂಪು ಹಚ್ಚಬೇಕು, ಟಾಕಿ ತುಂಬಿದೊಡನೆ ಆರಿಸಬೇಕು, ತಲೆಗೆ ಎರಡು ಬಕೆಟ್ ಮೀರದಂತೆ ನೋಡಿಕೊಳ್ಳಬೇಕು, ಮತ್ತು ಜನರಲ್ಲಿ ತಿಳಿವಳಿಕೆ ಮೂಡಿಸಬೇಕು.

ತಿಳಿವಳಿಕೆ ಮೂಡಿಸಲು ಭಾನುವಾರ ಬಟ್ಟೆ ಒಗೆಯುವ ಕಲ್ಲಿನ ಬಳಿ ಎಲ್ಲ ಮನೆಯವರನ್ನೂ ಕೂಡಿಸಿದೆ. ನೀರು, ಕರೆಂಟು, ಮತ್ತೆ ನೀರು ಎಂದು ಗಾಳಿಯಲ್ಲಿ ಬೆರಳಿನಿಂದ ಚಕ್ರ ಬರೆದು ತೋರಿಸಿದೆ. ನಮ್ಮ ಕಚೇರಿಯ ಜವಾನನ ಹೆಂಡತಿ, ಸಾಂಬ್ರಾಣಿ ಕಡೆಯ ಸಿದ್ದಿ ಮನೆತನದ ಹೆಣ್ಣುಮಗಳು, ಸೊಂಟದ ಮೇಲೆ ಕೊಡ ಇಟ್ಟುಕೊಂಡೇ ಕೇಳಿಸಿಕೊಂಡಳು.

"ಅಲ್ರೀ ಸಾಹೇಬ್ರ, ಕಾಳಿ ಹೊಳಿಗೆ ಅಷ್ಟ ದೊಡ್ಡ ಗ್ವಾಡಿ ಕಟ್ಟ್ಯಾರಲ್ಲ, ಅದು ಯಾವ ತಾಲೂಕಿನಾಗ ಐತಿ?"

"ನಮ್ಮ ತಾಲೂಕಿನಾಗ."

"ನೀರು ನಂದು, ಅಡವಿ ನಂದು. ಮತ್ತ ನಮ್ಮ ಮನ್ಯಾಗ ಬುಡ್ಡಿ ದೀಪ ಯಾಕ?"

"ಅದು ರಾಜ್ಯದ ಕರೆಂಟ ಯವ್ವಾ. ಎಲ್ಲಾರಿಗೂ ಹೋಗಬೇಕು."

"ಹಂಗಾರ ರಾಜ್ಯದವರಿಗೆ ಹೋಗಿ ಹೇಳ್ರಿ, ಜಳಕಾ ಕಡಿಮಿ ಮಾಡ್ರಿ ಅಂತ. ನಾವು ಮೊದಲ ಕಡಿಮೀನ ಮಾಡ್ತೇವಿ."

ಎಲ್ಲರೂ ನಕ್ಕರು. ಪಕ್ಕದ ಮನೆಯ ಫಾರೆಸ್ಟ್ ಗಾರ್ಡನ ಹೆಂಡತಿ, ಮನೆಮಾತು ಕೊಂಕಣಿಯಾದ ಗಟ್ಟಿಗಿತ್ತಿ, "ಅಗೋ ಬಾಯ್, ಪಾಪ ಅವರಿಗೆ ಮೇಲಿಂದ ಹೇಳ್ಯಾರೆ, ಅವರು ನಮಗೆ ಹೇಳ್ತಾರೆ. ಇಳಿಜಾರಿನ ನೀರು ಅದು," ಎಂದು ನನ್ನ ಪರವಾಗಿ ವಾದಿಸಿ ನನ್ನನ್ನು ಇನ್ನಷ್ಟು ಚಿಕ್ಕವನನ್ನಾಗಿ ಮಾಡಿದಳು. ಸಭೆ ಯಶಸ್ವಿಯಾಗಿ ಮುಗಿಯಿತು.

ಆದರೆ ಸುತ್ತೋಲೆ ಬರೆದವರಿಗೆ ನಮ್ಮ ಕಡೆಯ ಒಂದು ಪದ್ಧತಿ ಗೊತ್ತಿರಲಿಲ್ಲ. ರಾತ್ರಿ ಕಳೆದ ನೀರು ನಮ್ಮಲ್ಲಿ ಹಳೆಯ ನೀರು. ಬೆಳಿಗ್ಗೆ ಎದ್ದ ಹೆಂಗಸು ಮೊದಲು ಮಾಡುವುದು ನಿನ್ನೆಯ ನೀರನ್ನು ಅಂಗಳಕ್ಕೆ ಚೆಲ್ಲಿ, ಕೊಡವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಹೊಸ ನೀರು ತುಂಬುವುದು. ದೇವರಿಗೂ ಒಲೆಗೂ ಹೊಸ ನೀರೇ ಆಗಬೇಕು. ಮೊದಲು ಇದರಿಂದ ದೊಡ್ಡ ನಷ್ಟವಿರಲಿಲ್ಲ. ಯಾವ ಮನೆಯಲ್ಲೂ ಒಂದೆರಡು ಕೊಡಕ್ಕಿಂತ ಹೆಚ್ಚು ನೀರು ರಾತ್ರಿ ಕಳೆಯುತ್ತಿರಲಿಲ್ಲ. ಈಗ ಮಿತಿ ಬಂತು ನೋಡಿ, "ನಾಳೆ ಬರದಿದ್ದರೆ?" ಎಂಬ ಭಯವೂ ಬಂತು. ಮನೆ ಮನೆಯ ನಳದ ಮುಂದೆ ಬಕೆಟ್ ಎಣಿಸುತ್ತ ನಿಲ್ಲಲು ನನ್ನಿಂದಾಗುತ್ತಿರಲಿಲ್ಲ. ಪಂಪು ಹಚ್ಚಿದ ಸದ್ದು ಕೇಳಿದ್ದೇ ತಡ, ಜನ ಕೊಡ, ಕೊಳಗ, ಡ್ರಮ್ಮು, ಹಿಟ್ಟಿನ ಡಬ್ಬಿ, ಕಡೆಗೆ ಮದುವೆಯಲ್ಲಿ ಬಂದು ಅಟ್ಟದ ಮೇಲೆ ಕೂತಿದ್ದ ಪಾತ್ರೆಗಳನ್ನೂ ಇಳಿಸಿ ತುಂಬತೊಡಗಿದರು. ಮಾರನೆಯ ಬೆಳಿಗ್ಗೆ ಅದೆಲ್ಲ ಹಳೆಯ ನೀರು. ಅದೆಲ್ಲ ಅಂಗಳಕ್ಕೆ.

ಹೀಗೆ ನೀರು ಉಳಿಸುವ ಆಂದೋಲನ ಶುರುವಾದ ವಾರದಲ್ಲೇ ನಮ್ಮ ಕ್ವಾರ್ಟರ್ಸಿನ ದಾಸವಾಳಗಳು ಮಳೆಗಾಲದಲ್ಲಿ ಬಿಡುವಷ್ಟು ಹೂ ಬಿಟ್ಟವು. ಅಂಗಳಗಳಲ್ಲಿ ಜಾರಿ ಬೀಳುವಷ್ಟು ಕೆಸರು. ಟಾಕಿ ಮಾತ್ರ ಎಂಟು ಗಂಟೆಗೆ ಬರಿದು. ಮನೆ ಮನೆಗೆ ಹೋಗಿ ಹೇಳಿದೆ. ನನ್ನ ಮನೆಯಲ್ಲಿ ಹೇಳಿದಾಗ ಹೆಂಡತಿ ದೇವರ ಗೂಡಿನ ಕಡೆ ಕೈ ತೋರಿಸಿ, "ಹಳೀ ನೀರು ನೀವ ಇಡ್ರಿ. ಆಮ್ಯಾಲ ಏನರ ಆದ್ರ ಸುತ್ತೋಲಿ ಬಂದೈತಿ ಅಂತ ದೇವರಿಗೂ ನೀವ ಹೇಳ್ರಿ," ಎಂದಳು. ನಾನು ಇಡಲಿಲ್ಲ.

ಚೊಚ್ಚಲ ಹೆರಿಗೆಗೆ ಅವಳು ತವರಿಗೆ ಹೋಗುವುದಿತ್ತು. ತವರು ಮುಂಡಗೋಡ ತಾಲೂಕಿನಲ್ಲಿ, ಅತ್ತಿವೇರಿಯ ಹತ್ತಿರದ ಒಂದು ಹಳ್ಳಿ. ದಿನ ಗೊತ್ತುಮಾಡಿ ಬಟ್ಟೆ ಕಟ್ಟಿಟ್ಟಿದ್ದೆವು. ಆದರೆ ಕೂಸು ಯಾವ ಸುತ್ತೋಲೆಗೂ ಕಾಯದೆ ದಿನ ತುಂಬುವ ಮೊದಲೇ ಹೊರಟುಬಂತು. ಹೆಣ್ಣುಕೂಸು. ಎರಡು ಅಂಗೈಯಲ್ಲಿ ಹಿಡಿದರೆ ಅಂಗೈಯಲ್ಲಿ ಇನ್ನೂ ಜಾಗ ಉಳಿಯುವಷ್ಟು ಚಿಕ್ಕದು. ಡಾಕ್ಟರರು ಬಸ್ ಪ್ರಯಾಣ ಬೇಡವೇ ಬೇಡ ಎಂದರು. ಕೂಸಿಗೆ ಚೀಪುವ ಬಲವಿರಲಿಲ್ಲ. ತಾಯಿಗೆ ಹಾಲು ಇಳಿದಿರಲಿಲ್ಲ. ಒಂದು ಬರದೆ ಇನ್ನೊಂದು ಬರುವುದಿಲ್ಲ ಎಂಬ ಬಿಕ್ಕಟ್ಟು. ಒಳಲೆಯಲ್ಲಿ ಹಸುವಿನ ಹಾಲಿಗೆ ನೀರು ಬೆರೆಸಿ ಹನಿ ಹನಿಯಾಗಿ ಬಿಡುತ್ತಿದ್ದೆವು. ಅರ್ಧ ಹೊರಗೆ ಹರಿಯುತ್ತಿತ್ತು. ಅದರ ಅಳು ಬೆಕ್ಕಿನ ಮರಿಯದ್ದಷ್ಟೇ ಇತ್ತು, ಆದರೆ ನಿಲ್ಲುತ್ತಿರಲಿಲ್ಲ. ಸಾಲು ಮನೆಗಳ ತೆಳು ಗೋಡೆಗಳ ಆಚೆ ಎಲ್ಲರಿಗೂ ಕೇಳುತ್ತಿತ್ತು. "ತಾಯಿ ಮೈ ಬೆಚ್ಚಗಿರಲಿ, ಮನಸ್ಸು ಹಗುರಾಗಿರಲಿ, ಕೂಸನ್ನ ಎದೆಗೆ ಹಚ್ಚೂದು ಬಿಡಬ್ಯಾಡ್ರಿ. ಎದೆಹಾಲು ಬಂದರ ಈ ಕೂಸು ಗೆದ್ದ ಹಾಗ," ಎಂದಿದ್ದರು ಡಾಕ್ಟರರು.

ಹೆಂಡತಿಯ ಮನಸ್ಸು ಹಗುರಾಗಿರಲಿಲ್ಲ. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಮಾತಾಡಿಸಿದರೆ, "ನನ್ನ ಕೈಲೆ ಆಗವಲ್ದು," ಎಂದಷ್ಟೇ ಅನ್ನುತ್ತಿದ್ದಳು.

ಕಂಡಕ್ಟರನ ಕೈಯಲ್ಲಿ ಹೇಳಿಕಳಿಸಿದ ಮೇಲೆ ಅತ್ತೆಯವರು ಬಂದಿಳಿದರು. ಅವರಿಗಿಂತ ಮೊದಲು ಬಸ್ಸಿನ ಟಪ್ಪಿನಿಂದ ಇಳಿದದ್ದು ಒಂದು ತಾಮ್ರದ ಹಂಡೆ. ಅದಕ್ಕೆ ಕಂಡಕ್ಟರು ಅರ್ಧ ಟಿಕೇಟು ಹರಿದಿದ್ದ. ಹಂಡೆಯೊಳಗೆ ಬೆಳ್ಳುಳ್ಳಿ, ಹಾಲು ಹೆಚ್ಚಲೆಂದು ಬಾಣಂತಿಗೆ ಕೊಡುವ ಅಳವಿ ಬೀಜ, ಸೀಗೇಕಾಯಿ ಪುಡಿ, ಒಣ ಕೊಬ್ಬರಿ, ಮೆತ್ತಗಿನ ಹಳೆಯ ಸೀರೆಗಳು. ಅತ್ತೆಯವರು ಕೂಸನ್ನು ನೋಡಿದರು, ಮಗಳನ್ನು ನೋಡಿದರು, ಯಾರನ್ನೂ ಏನೂ ಕೇಳದೆ ಬಚ್ಚಲಿಗೆ ಹೋಗಿ ಒಲೆಯ ಮೇಲೆ ಹಂಡೆ ಏರಿಸಿದರು.

ಇಲ್ಲಿ ಒಂದು ವಿವರಣೆ ಬೇಕು. ಆ ಮನೆತನದಲ್ಲಿ ಅತ್ತೆಯಾದವಳು ಅಳಿಯನ ಎದುರು ನಿಂತು ನೇರವಾಗಿ ಮಾತಾಡುವ ರೂಢಿಯಿಲ್ಲ. ಹಾಗೆಂದು ಮಾತು ನಿಲ್ಲುವುದಿಲ್ಲ. ಹತ್ತಿರ ಇದ್ದದ್ದರ ಮೂಲಕ ಬರುತ್ತದೆ. ಮದುವೆಯಾದ ಹೊಸದರಲ್ಲಿ ನಾನು ಅವರ ಮಾತನ್ನು ಕಂಬದ ಮೂಲಕ, ಎಮ್ಮೆಯ ಮೂಲಕ, ಒಮ್ಮೆ ಉಪ್ಪಿನಕಾಯಿ ಭರಣಿಯ ಮೂಲಕವೂ ಕೇಳಿದ್ದೆ. ತಲೆಗೆ ಎರಡು ಬಕೆಟ್ ಎಂಬ ನಿಯಮವನ್ನು ನಾನು ಬಾಗಿಲ ಆಚೆ ನಿಂತು ವಿನಯದಿಂದ ನಿವೇದಿಸಿದಾಗ ಅವರು ಉತ್ತರ ಕೊಟ್ಟದ್ದು ಹಂಡೆಗೆ.

"ಕೇಳಿದೇನ ಹಂಡೇ? ನಿನ್ನ ಅಷ್ಟ ದೂರದಿಂದ ಹೊತ್ತಗೊಂಡು ಬಂದದ್ದು ಎರಡ ಬಕೀಟ ನೀರ ಕುಡ್ಯಾಕಂತ. ಬಾಣಂತಿಗೆ ಎರಿಯೂದಂದ್ರ ಮಾರಿ ತೊಳ್ಯೂದು ಅಂತ ತಿಳಿದಾರ ಇಲ್ಲೆ."

ಬಾಣಂತಿಗೆ ಎರೆಯುವುದೆಂದರೆ ಏನೆಂದು ತಿಳಿಯದವರಿಗಾಗಿ ಹೇಳುತ್ತೇನೆ. ಮೈಗೆ ಎಣ್ಣೆ ತಿಕ್ಕಿ, ಸುಡುವುದಕ್ಕೆ ಒಂದು ಕೂದಲೆಳೆ ಕಡಿಮೆ ಬಿಸಿಯ ನೀರನ್ನು ತಂಬಿಗೆ ತಂಬಿಗೆಯಾಗಿ ಬೆನ್ನಿಗೆ, ಸೊಂಟಕ್ಕೆ, ಭುಜಕ್ಕೆ ಜೋರಾಗಿ ಬೀಸಿ ಹಾಕುತ್ತಾರೆ. ಹಂಡೆ ಮುಗಿಯುವವರೆಗೂ. ಅತ್ತೆಯವರ ಸಿದ್ಧಾಂತದ ಪ್ರಕಾರ ಹಾಲು ಇರುವುದು ಬೆನ್ನಿನಲ್ಲಿ. ಬೆನ್ನು ಕಾದು ಬಿಚ್ಚಿದರೆ ಎದೆಗೆ ಇಳಿಯುತ್ತದೆ. ಡಾಕ್ಟರರ ಮಾತಿಗೂ ಇದಕ್ಕೂ ಎಷ್ಟು ದೂರ ಎಂದು ಆಗ ಅಳೆಯಲು ಹೋಗಿದ್ದೆ. ಈಗ ಯೋಚಿಸಿದರೆ ಅಷ್ಟೇನೂ ದೂರವಿರಲಿಲ್ಲ.

ಕೈಯಿಂದ ಸೇದೋಣವೆಂದರೆ ಬಾವಿಗೆ ಪಂಪು ಕೂರಿಸಿದ ವರ್ಷವೇ ಮೇಲೆ ಕಾಂಕ್ರೀಟು ಹಾಕಿ, ರಾಟೆಯನ್ನು ಹಳೆಯದೆಂದು ಕಿತ್ತು ಹಾಕಿದ್ದರು. ಹಳ್ಳದಲ್ಲಿ ಕಲ್ಲುಗಳು ಮಾತ್ರ ಹರಿಯುತ್ತಿದ್ದವು. ನಾನು ಸಾಹೇಬರ ಮುಂದೆ ನಿಂತೆ.

"ಸರ್, ಮನ್ಯಾಗ ಬಾಣಂತಿ ಇದ್ದಾಳ. ಸ್ವಲ್ಪ ಹೆಚ್ಚಿಗೆ ನೀರು..."

ಸಾಹೇಬರು ಕನ್ನಡಕ ತೆಗೆದರು. "ಸುತ್ತೋಲಿಯೊಳಗ ಬಾಣಂತಿ ಅಂತ ಎಲ್ಲೂ ಇಲ್ಲಲ್ರೀ. ತಲೆಗೆ ಎರಡು ಅಂತ ಐತಿ."

"ಕೂಸಿಂದೂ ಒಂದು ತಲೀನ ಅಲ್ಲೇನ್ರಿ ಸರ್?"

ಅವರು ಗಂಭೀರವಾಗಿ ವಿಚಾರ ಮಾಡಿದರು. "ರೇಶನ್ ಕಾರ್ಡಿನ್ಯಾಗ ಹೆಸರು ಬರಲಿ. ಆಮ್ಯಾಲ ನೋಡೂಣು. ನೀವ ಜವಾಬ್ದಾರಿ ನೌಕರರು. ನಿಮ್ಮ ಮನ್ಯಾಗ ಹಂಡೆಗಟ್ಟಲೆ ನೀರು ಹೋದರ ಉಳಿದವರಿಗೆ ನಾನು ಯಾವ ಬಾಯಿಲೆ ಹೇಳಲಿ?"

ಅದು ನ್ಯಾಯವೇ ಆಗಿತ್ತು. ಕೆಟ್ಟ ಮನುಷ್ಯರಲ್ಲ ಅವರು. ಆ ಸಂಜೆ ಬಾಣಂತಿಗೆಂದು ಒಂದು ಡಬ್ಬಿ ತುಪ್ಪ ಕಳಿಸಿದರು. ತುಪ್ಪದ ಬಗ್ಗೆ ಯಾವ ಸುತ್ತೋಲೆಯೂ ಇರಲಿಲ್ಲ.

ನನ್ನ ಪಾಲಿನ ಸ್ನಾನ ಬಿಟ್ಟೆ. ಅತ್ತೆಯವರು ತಮ್ಮದನ್ನು ಕೈಕಾಲಿಗೆ ಇಳಿಸಿದರು. ಆದರೂ ಹಂಡೆಯ ಕಂಠಕ್ಕೆ ನೀರು ಏರಲಿಲ್ಲ. ದಿನವೂ ಅರ್ಧಕ್ಕೇ ಎರೆಯುವುದು ನಿಲ್ಲುತ್ತಿತ್ತು, ದಿನವೂ ಅತ್ತೆಯವರು ತಂಬಿಗೆಯನ್ನು ತಳಕ್ಕೆ ತಾಗಿಸಿ ಕೆರೆಯುವ ಸದ್ದು ಹೊರಗೆ ನಿಂತ ನನಗೆ ಕೇಳುತ್ತಿತ್ತು. ಹಾಲು ಇಳಿಯಲಿಲ್ಲ. ಕೂಸು ಒಳಲೆಯನ್ನೂ ಬೇಡವೆನ್ನತೊಡಗಿತು. ಅಳುವಿನ ದನಿ ಸಣ್ಣದಾಗುತ್ತ ಬಂತು; ಅದು ಸಮಾಧಾನದ ಲಕ್ಷಣವಲ್ಲ ಎಂದು ಅತ್ತೆಯವರ ಮುಖ ನೋಡಿದರೆ ತಿಳಿಯುತ್ತಿತ್ತು.

ಒಂದು ಬೆಳಿಗ್ಗೆ ನಾನು ಪಂಪು ಹಚ್ಚಲು ಹೊರಡುವ ಮೊದಲೇ ಅತ್ತೆಯವರು, ಹೇಗೂ ಈಗ ನೀರು ಬರುತ್ತದೆಂಬ ಧೈರ್ಯದಲ್ಲಿ, ನಸುಕಿನಲ್ಲಿ ನಳದಿಂದ ತೊಟ್ಟಿಕ್ಕಿದ್ದನ್ನು ಹಿಡಿದಿಟ್ಟಿದ್ದ ಎರಡು ತಂಬಿಗೆ ನೀರಿನಲ್ಲೇ ಮಗಳ ತಲೆಗೆ ಎರೆಯಲು ಕೂರಿಸಿದರು. ತಲೆಗೆ ಸೀಗೇಕಾಯಿ ಹಚ್ಚಿಯಾಯಿತು. ನಾನು ಪಂಪ್‌ಹೌಸಿನ ಬೀಗ ತೆಗೆದೆ. ನಮ್ಮ ಪಂಪಿನ ಕೊಳವೆಯ ಬುಡದ ವಾಲ್ವು ಸೋರುತ್ತಿದ್ದುದರಿಂದ ಪ್ರತಿದಿನ ಅದಕ್ಕೆ ಮೊದಲು ಒಂದು ಕೊಡ ನೀರು ಕುಡಿಸಬೇಕಿತ್ತು. ಕುಡಿಸದಿದ್ದರೆ ಅದು ನೀರೆತ್ತುತ್ತಿರಲಿಲ್ಲ. ಅದಕ್ಕೆಂದೇ ಕಾದಿಟ್ಟ ಕೊಡವನ್ನು ಸುರುವಿದೆ, ಕೈ ಮುಗಿದೆ, ಸ್ವಿಚ್ಚು ಒತ್ತಿದೆ. ಕರೆಂಟಿರಲಿಲ್ಲ. ಕಪ್ಪೆ ನನ್ನನ್ನು ನೋಡಿತು.

ಮನೆಯ ಕಡೆ ಓಡಿದೆ. ಬಚ್ಚಲಿನಿಂದ ಹೆಂಡತಿ ಹಲ್ಲು ಕಟಕಟಿಸುವುದು ಕೇಳುತ್ತಿತ್ತು.

"ಯವ್ವಾ, ಕಣ್ಣು ಉರಿತಾವ. ಚಳಿ ಆಗಾಕತ್ತೈತಿ."

"ತಡಿ ನನ್ನವ್ವಾ, ಬಂತು, ನೀರ ಬಂತು," ಎನ್ನುತ್ತಲೇ ಅತ್ತೆಯವರು ಬಚ್ಚಲ ಬಾಗಿಲಿಗೆ ಬಂದರು. ಮುಂಗೈಯವರೆಗೆ ಸೀಗೇಕಾಯಿ. ಹತ್ತಿರ ಕಂಬವಿತ್ತು, ಕೂಸಿತ್ತು, ಆದರೆ ಅವರು ಯಾವುದನ್ನೂ ನೋಡದೆ ನೆಟ್ಟಗೆ ನನ್ನ ಮುಖಕ್ಕೆ ಹೇಳಿದರು: "ಅಲ್ರೀ, ಎಲ್ಲಿಂದರ ತರ್ರಿ. ನನ್ನ ಮಗಳು ನಡಗಾಕತ್ತಾಳ."

ಮದುವೆಯಾದಂದಿನಿಂದ ಅವರು ನನಗೆ ಆಡಿದ ಮೊದಲ ಮಾತು. ನಾನು ಹೊರಕ್ಕೆ ಬಿದ್ದೆ.

ಸರಿಯಾಗಿ ಆಗಲೇ ಪಕ್ಕದ ಮನೆಯ ಗಾರ್ಡನ ಹೆಂಡತಿ ತನ್ನ ಕಟ್ಟೆಯ ಮೇಲೆ ನಿಂತು, ನಿನ್ನೆಯ ನೀರಿನ ಕೊಡವನ್ನು ದಾಸವಾಳದ ಬುಡಕ್ಕೆ ಬಗ್ಗಿಸುತ್ತಿದ್ದಳು.

"ಚೆಲ್ಲಬ್ಯಾಡ್ರಿ!" ಎಂದು ಕೂಗಿದೆ. ನನ್ನ ದನಿಯಲ್ಲಿ ಅಷ್ಟು ಅಧಿಕಾರವಿದೆಯೆಂದು ನನಗೇ ಗೊತ್ತಿರಲಿಲ್ಲ.

ಅವಳು ಕೊಡವನ್ನು ಹಾಗೇ ಹಿಡಿದು ನಿಂತಳು. "ಈಗ ನಮ್ಮ ಅಂಗಳಕ್ಕೂ ಕಾಯ್ದೆ ಬಂತಾ? ಹಳೇ ನೀರು ಇದು, ಕುಡಿಯೂದಾ ನಾವು?"

"ಕಾಯ್ದೆ ಅಲ್ರೀ ಬಾಯಾರ. ಬಾಣಂತಿ ತಲ್ಯಾಗ ಸೀಗೇಕಾಯಿ ಹಂಗ ಐತಿ. ನೀರಿಲ್ಲ. ಕರೆಂಟ ಹೋತು."

ಅವಳು ಕೊಡವನ್ನು ಸೊಂಟಕ್ಕೇರಿಸಿ ನನ್ನನ್ನು ಬದಿಗೆ ತಳ್ಳಿದಂತೆ ದಾಟಿ ನಮ್ಮ ಮನೆಯೊಳಗೆ ನುಗ್ಗಿದಳು. ಹೋಗುತ್ತ ಹಿಂದಿನ ಸಾಲಿಗೆ ಕೇಳುವಂತೆ ಒಂದು ಕೂಗು ಹಾಕಿದಳು. ಜವಾನನ ಹೆಂಡತಿ ಎರಡು ಕೊಡ ತಂದಳು, ಒಂದು ತಲೆಯ ಮೇಲೆ, ಒಂದು ಸೊಂಟದಲ್ಲಿ. ಅವಳ ಹಿಂದೆ ಇನ್ನೂ ಒಂದಿಬ್ಬರು.

ಬಚ್ಚಲ ಬಾಗಿಲಲ್ಲಿ ಅತ್ತೆಯವರು ಅಡ್ಡ ನಿಂತರು.

"ಇದು ಇವತ್ತಿಂದೋ, ನಿನ್ನಿದೋ?"

ಗಾರ್ಡನ ಹೆಂಡತಿ ಸುಳ್ಳು ಹೇಳುವವಳಲ್ಲ. "ನಿನ್ನೇದು ಮಾವಶಿ. ಇವತ್ತಿಂದು ಬಂದೇ ಇಲ್ಲಲ್ಲ."

ಬಾಣಂತಿಗೆ ಹಳೆಯ ನೀರು! ಅತ್ತೆಯವರ ಇಡೀ ವಂಶದಲ್ಲಿ ಯಾರೂ ಹಾಕಿರಲಿಲ್ಲ. ಅವರು ಕೊಡಗಳನ್ನು ನೋಡಿದರು. ಒಳಗೆ ಮಗಳ ಹಲ್ಲಿನ ಸದ್ದು ಕೇಳಿದರು. ಹಂಡೆಯ ಕೆಳಗೆ ಬೆಂಕಿ ಇನ್ನೂ ನಿಗಿನಿಗಿ ಉರಿಯುತ್ತಿತ್ತು.

"ಬೆಂಕಿ ಕಂಡ ಮ್ಯಾಲ ನಿನ್ನಿದೇನು, ಮೊನ್ನಿದೇನು? ಕುದ್ದ ನೀರ ಹೊಸಾ ನೀರ. ಸುರವ್ರಿ ಹಂಡೇಕ."

ಯಾರ ಮನೆಯ ಕೊಡ ಎಂದು ಅವರು ಕೇಳಲಿಲ್ಲ. ಅವರ ಊರಿನಲ್ಲಿ ಅದನ್ನು ಮೊದಲು ಕೇಳುವ ಪದ್ಧತಿಯಿತ್ತು.

ನೀರು ಕಾಯುವವರೆಗೆ ಹೆಂಡತಿಗೆ ಕಂಬಳಿ ಸುತ್ತಿ ಒಲೆಯ ಮಗ್ಗುಲಲ್ಲಿ ಕೂರಿಸಿದರಂತೆ. ಜವಾನನ ಹೆಂಡತಿ ಹಿಂದೆ ಕೂತು ಅವಳ ಭುಜ ತಿಕ್ಕುತ್ತ, "ಅಳಬ್ಯಾಡ್ರಿ ಅಕ್ಕಾರ. ನನ್ನ ಮೊದಲಿನ ಕೂಸೂ ಹಿಂಗ ಇತ್ತು, ಒಣಾ ಮೀನದಂಗ. ಈಗ ನೋಡ್ರಿ, ದಿನಾ ಬಡದ್ರೂ ಮಾತು ಕೇಳೂದಿಲ್ಲ," ಎಂದದ್ದಕ್ಕೆ ಹೆಂಡತಿ ನಕ್ಕದ್ದು ನನಗೆ ಹೊರಗೆ ಕೇಳಿತು. ಹೆರಿಗೆಯ ನಂತರ ಅವಳು ನಕ್ಕದ್ದು ಅದೇ ಮೊದಲು. ಆ ದಿನ ಹಂಡೆ ತುಂಬಿ ಕಂಠ ಮುಟ್ಟಿತು. ಮೂರು ಜನ ಹೆಂಗಸರು ಸರದಿಯ ಮೇಲೆ ಎರೆದರು. ಬಚ್ಚಲಿನ ಹೊಗೆ, ಹಬೆ, ಸೀಗೇಕಾಯಿಯ ವಾಸನೆ, ಬೆನ್ನಿಗೆ ಬೀಳುವ ನೀರಿನ ಛಟೀರ್ ಎನ್ನುವ ಸದ್ದು. "ಇನ್ನ ಸ್ವಲ್ಪ ಬಲಕ್ಕ ಹಾಕ್ರಿ ಬಾಯಾರ, ಅಲ್ಲೇ ಐತಿ ಗಂಟು," ಎಂಬ ಅತ್ತೆಯವರ ಅಪ್ಪಣೆ. ಹೊರಗೆ ಕೂಸನ್ನು ಎತ್ತಿಕೊಂಡು ಕೂತಿದ್ದ ಜವಾಬ್ದಾರಿ ನೌಕರ.

ಮರುದಿನ ಅತ್ತೆಯವರ ಮಾತು ಮತ್ತೆ ಕೂಸಿನ ಮೂಲಕ ಬಂತು: "ಕೂಸ, ನಿಮ್ಮಪ್ಪಾರಿಗೆ ಹೇಳು, ಬಾಗಲಾ ತಗದಿಡ್ರಿ, ನೀರ ತರಾವ್ರು ಬರ್ತಾರ ಅಂತ." ಬಂದರು. ಆ ಮೇಲೆ ದಿನವೂ ಬಂದರು. ಬೆಳಿಗ್ಗೆ ಅಂಗಳಕ್ಕೆ ಬೀಳಬೇಕಾದ ನೀರು ನಮ್ಮ ಹಂಡೆಗೆ ಬೀಳತೊಡಗಿತು. ನಮ್ಮ ಮನೆಯ ಪಾಲಿನ ಬಕೆಟ್‌ಗಳಿಗೆ ಮೀರಿ ಟಾಕಿಯಿಂದ ಒಂದು ಹನಿಯೂ ಹೆಚ್ಚಿಗೆ ಹೋಗಲಿಲ್ಲ.

ಅದಕ್ಕಿಂತ ದೊಡ್ಡ ಪರಿಣಾಮ ಇನ್ನೊಂದಾಯಿತು. ಕುದ್ದ ನೀರು ಹೊಸ ನೀರು ಎಂಬ ತೀರ್ಪು ಒಂದು ಬಚ್ಚಲಿನಿಂದ ಇನ್ನೊಂದು ಬಚ್ಚಲಿಗೆ ದಾಟಿತು. ಬಾಣಂತಿಗೇ ನಡೆಯುವುದಾದರೆ ಗಂಡನಿಗೆ ನಡೆಯುವುದಿಲ್ಲವೇ? ಎಲ್ಲ ಮನೆಗಳಲ್ಲೂ ನಿನ್ನೆಯ ನೀರು ಸ್ನಾನದ ಒಲೆಗೆ ಏರತೊಡಗಿತು. ದೇವರಿಗೆ ಮತ್ತು ಅಡಿಗೆಗೆ ಬೇಕಾದ ಒಂದೆರಡು ಕೊಡ ಮಾತ್ರ ಹೊಸದು. ಡ್ರಮ್ಮುಗಳಲ್ಲಿ ನಿನ್ನೆಯದು ಇದ್ದೇ ಇರುವಾಗ ಮತ್ತೆ ತುಂಬಲು ಯಾರು ಓಡುತ್ತಾರೆ? ಟಾಕಿಯಲ್ಲಿ ಸಂಜೆಗೂ ನೀರು ಉಳಿಯುತ್ತ ಬಂತು. ಪಂಪು ಹಚ್ಚುವ ಹೊತ್ತು ಅರ್ಧಕ್ಕಿಳಿಯಿತು. ಕೆಲವು ಬೆಳಿಗ್ಗೆ ಹಚ್ಚಲೇ ಇಲ್ಲ. ದಾಸವಾಳಗಳು ಬಾಡಿದವು. ನಾನು ಚಕ್ರ ಬರೆದು ತೋರಿಸಿದ್ದ ಕಲ್ಲಿನ ಬಳಿ ನೆಲ ಒಣಗಿ ಧೂಳೆದ್ದಿತು. ಆ ಧೂಳನ್ನು ನೋಡಿದಾಗ ನನಗಾದ ಆನಂದವನ್ನು ವರ್ಣಿಸಲು ನನಗೆ ಸರಕಾರಿ ಕನ್ನಡ ಸಾಲದು.

ಸಾಹೇಬರು ಒಂದು ದಿನ ಖುದ್ದಾಗಿ ಬಂದು ಟಾಕಿ ಬಡಿದು ನೋಡಿದರು. "ಹೆಂಗ ಮಾಡಿದ್ರಿ ಇದನ್ನ?" ಎಂದರು. ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಅವರು ಟಾಕಿಯನ್ನು ಇನ್ನೊಮ್ಮೆ ಬಡಿದು, "ಇದನ್ನ ಮ್ಯಾಲಕ್ಕ ಹೆಂಗ ಬರಿಯೂದ್ರೀ?" ಎಂದರು. ಕೊನೆಗೆ ಬರೆದರು. ಮೇಲಕ್ಕೆ ಹೋದ ವರದಿಯಲ್ಲಿ ನಮ್ಮ ಅತ್ತೆಯವರು 'ಸಾರ್ವಜನಿಕರ ಸಹಕಾರ' ಎಂಬ ರೂಪದಲ್ಲಿ ಕಾಣಿಸಿಕೊಂಡಿದ್ದಾರೆ.

ಹಾಲು ಮಾತ್ರ ಇನ್ನೂ ಇಳಿದಿರಲಿಲ್ಲ. ಹೆಂಡತಿ ಈಗ ಗೋಡೆಯ ಕಡೆ ತಿರುಗಿ ಮಲಗುತ್ತಿರಲಿಲ್ಲ. ಎರೆದು ಬಂದ ಮೇಲೆ ಮೈ ಕೆಂಪಾಗಿ, ಬೆವರಿ, ಅಳವಿ ಪಾಯಸ ಕುಡಿದು, ಕೂಸನ್ನು ಎದೆಗೆ ಹಚ್ಚಿಕೊಂಡು ಕಾಯುತ್ತಿದ್ದಳು. ಬಾಯಿ ಜಾರುತ್ತಿತ್ತು. ಮತ್ತೆ ಹಚ್ಚುತ್ತಿದ್ದಳು. ನೀರು ತರುವ ಹೆಂಗಸರು ಕೊಡ ಇಳಿಸುತ್ತ ಮೊದಲು ಕೇಳುತ್ತಿದ್ದುದು, "ಬಂತಾ?" ಎಂದು. ಅತ್ತೆಯವರು ಕತ್ತು ಅಲ್ಲಾಡಿಸುತ್ತಿದ್ದರು. ಹೆಂಗಸರು ಬರಿಗೊಡ ಎತ್ತಿಕೊಂಡು ಹೋಗುತ್ತಿದ್ದರು. ದಿನ ಕಳೆದಂತೆ ಕೊಡಗಳು ಹೆಚ್ಚಾದವೇ ಹೊರತು ಕಡಿಮೆಯಾಗಲಿಲ್ಲ. ತಮ್ಮ ಮನೆಯ ಸ್ನಾನ ತಪ್ಪಿಸಿ ತರುತ್ತಿದ್ದರೆಂದು ನನಗೆ ಅನುಮಾನ. ಸಾಹೇಬರ ಮನೆಯಿಂದಲೂ ಒಂದು ಬಿಂದಿಗೆ ಬರುತ್ತಿತ್ತು, ಹಿತ್ತಲ ಬಾಗಿಲಿನಿಂದ.

ಒಂದು ಬೆಳಿಗ್ಗೆ ನಾನು ಪಂಪ್‌ಹೌಸಿನಿಂದ ಬಂದಾಗ ನಮ್ಮ ಬಾಗಿಲ ಮುಂದೆ ಹೆಂಗಸರು ಕೊಡಗಳ ಸಮೇತ ನಿಂತಿದ್ದರು. ಯಾರೂ ಒಳಗೆ ಹೋಗಿರಲಿಲ್ಲ. ಗಾರ್ಡನ ಹೆಂಡತಿಯ ಮುಖ ಬಿಳಿಚಿಕೊಂಡಿತ್ತು.

"ನಸುಕಿನಿಂದ ಕೂಸಿನ ದನಿ ಇಲ್ಲ," ಎಂದಳು ಪಿಸುಮಾತಿನಲ್ಲಿ. "ಗೋಡೆಗೆ ಕಿವಿ ಇಟ್ಟೆ. ಇಲ್ಲ."

ನನಗೂ ಆಗಲೇ ಹೊಳೆದದ್ದು. ಎದ್ದವನು ಕೈಗೆ ಬೀಗದ ಕೈ ತೆಗೆದುಕೊಂಡು ಹೋಗಿದ್ದೆ. ಒಳಕೋಣೆಯ ಬಾಗಿಲು ಮುಚ್ಚಿತ್ತು. ಅಳು ಕೇಳುತ್ತಿಲ್ಲವೆಂಬುದೇ ನನಗೆ ಕೇಳಿರಲಿಲ್ಲ. ಹೊಸ್ತಿಲವರೆಗೆ ಹೋಗಿ ಅಲ್ಲೇ ನಿಂತೆ. ಜವಾನನ ಹೆಂಡತಿ ತಲೆಯ ಮೇಲಿನ ಕೊಡವನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದು ನಿಂತಿದ್ದಳು.

ಬಾಗಿಲು ತೆರೆಯಿತು. ಅತ್ತೆಯವರು ಹೊರಗೆ ಬಂದರು. ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು, ಆದರೆ ಬಾಯಿ ನಗುತ್ತಿತ್ತು. ಯಾವುದನ್ನು ನಂಬಬೇಕೆಂದು ತಿಳಿಯದೆ ನಾವೆಲ್ಲ ಅವರನ್ನೇ ನೋಡಿದೆವು.

"ಯಾಕ ಮಾವಶಿ, ಕೂಸು ಅಳವಲ್ದು?" ಎಂದು ಗಾರ್ಡನ ಹೆಂಡತಿಯೇ ಕೇಳಿದಳು.

"ಹೊಟ್ಟಿ ತುಂಬೇತಿ," ಎಂದರು ಅತ್ತೆಯವರು. "ನಸಿಕಿನ್ಯಾಗ ಇಳೀತು. ಕುಪ್ಪಸಾ ತೊಯ್ದು ಹೋತು. ಕುಡದು ಮಕ್ಕೊಂಡೈತಿ. ಅಕೀನೂ ಮಕ್ಕೊಂಡಾಳ."

ಗಾರ್ಡನ ಹೆಂಡತಿ ಕೊಡವನ್ನು ಅಲ್ಲೇ ಇಳಿಸಿ ಕಟ್ಟೆಯ ಮೇಲೆ ಕುಸಿದು ಕೂತಳು. ಜವಾನನ ಹೆಂಡತಿ ನನ್ನ ಕಡೆ ತಿರುಗಿ ಬೆರಳನ್ನು ತುಟಿಯ ಮೇಲೆ ಇಟ್ಟಳು. ನಾನು ಏನೂ ಮಾತಾಡಿರಲಿಲ್ಲ, ಆದರೂ ಇಟ್ಟಳು. ಆಮೇಲೆ ಎಲ್ಲರೂ ಒಬ್ಬರ ಹಿಂದೆ ಒಬ್ಬರಂತೆ ಕಾಲ್ಬೆರಳ ಮೇಲೆ ಬಚ್ಚಲಿಗೆ ಹೋದರು. ಕೊಡದ ಬಾಯನ್ನು ಹಂಡೆಯ ಕಂಠಕ್ಕೆ ಆನಿಸಿ, ನೀರು ತಾಮ್ರದ ಗೋಡೆಗುಂಟ ಜಾರಿ ಸದ್ದಿಲ್ಲದೆ ತಳ ಸೇರುವಂತೆ, ನಿಧಾನಕ್ಕೆ ಬಗ್ಗಿಸಿದರು.